ಹಿಂದೆ ಕೂತವನ ಕಂಬಳಿ

ನನಗೊಂದು ಕೆಟ್ಟ ಚಾಳಿ ಇದೆ. ರಸ್ತೆಯಲ್ಲಿ ಹೋಗುವ ಮೋಟಾರ್ ಸೈಕಲ್ಲುಗಳನ್ನು ನೋಡಿ ಕೂಗುತ್ತೇನೆ. ಸಾಗರದ ಪೇಟೆಯಲ್ಲಿ ತರಕಾರಿ ಚೀಲ ಹಿಡಿದು ನಿಂತಿರುತ್ತೇನೆ, ಯಾರೋ ಹೆಂಗಸು ಹಿಂದಿನ ಸೀಟಿನಲ್ಲಿ ಕೂತು ಸೆರಗು ಇಳಿಬಿಟ್ಟುಕೊಂಡು ಹೋಗುತ್ತಿರುತ್ತಾಳೆ. ಅಷ್ಟೇ ಸಾಕು. “ಸೆರಗು, ಸೆರಗು” ಎಂದು ಗಂಟಲು ಹರಿಯುವ ಹಾಗೆ ಕೂಗಿಬಿಡುತ್ತೇನೆ. ಕೆಲವರು ತಿರುಗಿ ನೋಡಿ, ಸೆರಗು ಸಿಕ್ಕಿಸಿಕೊಂಡು, ಕೈಯೆತ್ತಿ ಹೋಗುತ್ತಾರೆ. ಒಮ್ಮೆ ಒಬ್ಬ ಗಂಡ ಗಾಡಿ ನಿಲ್ಲಿಸಿ ವಾಪಸು ಬಂದು, ನನ್ನ ಹೆಂಡತಿಯ ಸೆರಗಿನ ಉಸಾಬರಿ ನಿಮಗ್ಯಾಕೆ ಯಜಮಾನರೇ ಎಂದು ವಿಚಾರಿಸಿಕೊಂಡ. ಅಂದಿನಿಂದ ಪೇಟೆಗೆ ಹೋದಾಗ ನನ್ನಾಕೆ ಹತ್ತು ಹೆಜ್ಜೆ ಮುಂದೆಯೇ ನಡೆಯುತ್ತಾಳೆ, ಈ ಮುದುಕನಿಗೂ ತನಗೂ ಯಾವ ಸಂಬಂಧವೂ ಇಲ್ಲ ಎಂಬಂತೆ.

ಸ್ಟ್ಯಾಂಡ್ ತೆಗೆಯದೆ ಹೋಗುವವರಿಗೆ “ಸ್ಟ್ಯಾಂಡ್, ಸ್ಟ್ಯಾಂಡ್” ಎಂದು ಕೂಗುವುದು ನಮ್ಮ ಕಡೆ ಎಲ್ಲರೂ ಮಾಡುವ ಉಪಕಾರ. ನನ್ನದು ಉಪಕಾರವಲ್ಲ. ಅದು ಬೇರೆಯದೇ ಸಂಗತಿ, ನೇರವಾಗಿ ಬಾಯಿಗೆ ಬರುವಂಥದ್ದಲ್ಲ. ಸ್ವಲ್ಪ ಸುತ್ತಿ ಬಳಸಿ ಬರುತ್ತೇನೆ, ಸಹಿಸಿಕೊಳ್ಳಿ.

ಅರವತ್ತರ ದಶಕದ ನಡುವಿನ ಮಾತು. ನಾನಾಗ ಔಷಧಿ ಕಂಪನಿಯೊಂದರ ಪ್ರತಿನಿಧಿ. ವಾರಕ್ಕೊಮ್ಮೆ ಸ್ಯಾಂಪಲ್ ಪೆಟ್ಟಿಗೆ ಹಿಡಿದು ಸಾಗರದಿಂದ ಹೊರಟು, ಹೊಸನಗರ, ತೀರ್ಥಹಳ್ಳಿ, ಆಗುಂಬೆಯವರೆಗೆ ಡಾಕ್ಟರುಗಳಿಗೂ ಔಷಧಿ ಅಂಗಡಿಯವರಿಗೂ ಮುಖ ತೋರಿಸಿ ಬರುವ ಕೆಲಸ. ಬಸ್ಸಿಗೆ ಕಾದು ಕಾದು ಅರ್ಧ ಆಯುಷ್ಯ ಕ್ರಾಸುಗಳಲ್ಲೇ ಕಳೆಯುತ್ತಿತ್ತು. ಕೊನೆಗೆ ಕಂಪನಿಯವರು ಯಾರೋ ಓಡಿಸಿ ಬಿಟ್ಟ ಹಳೆಯ ಮೋಟಾರ್ ಸೈಕಲ್ಲೊಂದನ್ನು ನನ್ನ ಪಾಲಿಗೆ ಕೊಟ್ಟರು. ಊರವರ ಬಾಯಲ್ಲಿ ಅದು ಪಟಪಟಿ. ಅದರ ಸದ್ದಿಗೆ ದನಗಳು ಬಾಲ ಎತ್ತಿ ಓಡುತ್ತಿದ್ದವು, ನಾಯಿಗಳು ಊರ ಗಡಿಯವರೆಗೆ ಬೀಳ್ಕೊಡಲು ಬರುತ್ತಿದ್ದವು. ನನಗೋ ಸೈಕಲ್ ಬಿಟ್ಟರೆ ಬೇರೆ ಗೊತ್ತಿರಲಿಲ್ಲ.

ಕಲಿಸಿದವನು ಹವಾಲ್ದಾರ್ ತಿಮ್ಮಪ್ಪ. ಸೈನ್ಯದಲ್ಲಿ ಮೋಟಾರ್ ಸೈಕಲ್ಲಿನ ಮೇಲೆ ಕಾಗದಪತ್ರ ಸಾಗಿಸುವ ಕೆಲಸ ಮಾಡಿ, ಪೆನ್ಶನ್ ತೆಗೆದುಕೊಂಡು ಬಂದು, ಸಾಗರದ ಬಸ್ ಸ್ಟ್ಯಾಂಡಿನ ಹಿಂದೆ ರಿಪೇರಿ ಶೆಡ್ ಹಾಕಿದ್ದ. ಮೊದಲ ದಿನ ನಾನು ಪಂಚೆ ಎತ್ತಿಕಟ್ಟಿ, ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದೆ. ಅವನು ಗಾಡಿ ಮುಟ್ಟಲಿಕ್ಕೇ ಬಿಡಲಿಲ್ಲ. ತನ್ನ ಎಡಗೈಯನ್ನು ಚಾಚಿ ತೋರಿಸಿದ. ಅಂಗೈಯಲ್ಲಿ ಒಂದೂ ಗೆರೆ ಇರಲಿಲ್ಲ, ನಯವಾಗಿ ಹೊಳೆಯುತ್ತಿತ್ತು. ಬಿದ್ದಾಗ ಮನುಷ್ಯ ಮೊದಲು ಊರುವುದು ಕೈಯನ್ನು, ತಾನು ಒಂದೇ ಒಂದು ದಿನ ಕೈಗವಸು ಹಾಕದೆ ಹೋಗಿದ್ದೆ ಎಂದ. ಆಯುಷ್ಯದ ಗೆರೆ ಟಾರು ರಸ್ತೆಯ ಮೇಲೆ ಉಳಿದುಕೊಂಡಿತಂತೆ. ನಾನು ನಕ್ಕೆ, ಅವನು ನಗಲಿಲ್ಲ.

ಆಗ ಈ ಕಡೆ ಹೆಲ್ಮೆಟ್ಟು ಕಂಡವರಿಲ್ಲ. ಇವತ್ತು ನಮ್ಮ ಬೀದಿಯ ಅಂಗಡಿಯಲ್ಲೇ ಮೊಣಕೈಗೊಂದು ಭುಜಕ್ಕೊಂದು ಗಟ್ಟಿ ಪಟ್ಟಿ ಇಟ್ಟು ಹೊಲಿದ ಕೋಟುಗಳು ನೇತಾಡುತ್ತವೆ, ಐ.ಎಸ್.ಐ. ಗುರುತಿನ ಹೆಲ್ಮೆಟ್ಟುಗಳು ಸಾಲಾಗಿ ಕೂತಿರುತ್ತವೆ. ಅಂದಿನ ಗುರುತು, ಪ್ರಮಾಣ ಎಲ್ಲವೂ ತಿಮ್ಮಪ್ಪನೇ. ಅಡಿಕೆ ಹಾಳೆಯನ್ನು ಏಳೆಂಟು ಪದರ ಅಂಟಿಸಿ, ನಡುವೆ ತೆಂಗಿನ ನಾರು ತುಂಬಿ, ಮೇಲೆ ಚಪ್ಪಲಿ ಹೊಲಿಯುವವನಿಂದ ಚರ್ಮ ಹೊಲಿಸಿ ನನಗೊಂದು ಟೋಪಿ ಮಾಡಿದ. ಪರೀಕ್ಷೆಯ ಕ್ರಮವೂ ಅವನದೇ. ಟೋಪಿಯನ್ನು ತಲೆಗಾತ್ರದ ಒಂದು ಮೊಗೆಕಾಯಿಗೆ, ಅಂದರೆ ಸಾಂಬಾರು ಸೌತೆಗೆ, ತೊಡಿಸಿ ಸುತ್ತಿಗೆಯಿಂದ ಬಿಗಿಯಾಗಿ ಒಂದು ಹೊಡೆಯುವುದು. ಮೊಗೆಕಾಯಿ ಒಡೆಯದಿದ್ದರೆ ಪಾಸು. ನನ್ನ ಟೋಪಿ ಮೂರು ಸಲ ಫೇಲಾಯಿತು. ಒಡೆದ ಮೂರೂ ಮೊಗೆಕಾಯಿಗಳನ್ನು ನಾನು ಮನೆಗೆ ತಂದೆ, ವಾರವಿಡೀ ಅವುಗಳದೇ ಹುಳಿ ಉಂಡೆವು. ನಾಲ್ಕನೆಯ ಸಲ ಪಾಸಾದ ಟೋಪಿ ಹಾಕಿಕೊಂಡು ಬಂದಾಗ ಅಮ್ಮ ಜಗಲಿಯಲ್ಲಿ ನಿಂತು, “ಎಂತದಾ ಅದು, ತಲೆ ಮೇಲೆ ಎಂತ ಹೊತ್ಕಂಡಿದ್ದೆ?” ಎಂದು ಗಾಬರಿಯಾದಳು.

ದೂರದ ದಾರಿಯ ಬಗ್ಗೆ ತಿಮ್ಮಪ್ಪ ಹೇಳಿದ್ದು ಒಂದೆರಡಲ್ಲ. ಚಳಿಯಲ್ಲಿ ಅಂಗಿಯ ಒಳಗೆ ಎದೆಗೆ ಹಳೆಯ ಪೇಪರಿನ ನಾಲ್ಕು ಹಾಳೆ ಇಟ್ಟುಕೊಂಡರೆ ಯಾವ ಸ್ವೆಟರೂ ಬೇಡ. ಬೆರಳು ಮರಗಟ್ಟಿದರೆ ಬ್ರೇಕು ಸಿಗುವುದಿಲ್ಲ, ಆದ್ದರಿಂದ ಹದಿನೈದು ಮೈಲಿಗೊಮ್ಮೆ ಇಳಿದು ಕೈ ಕಾಯಿಸಿಕೊಳ್ಳಬೇಕು. ಸುಸ್ತಾಗಿಲ್ಲ ಅನ್ನಿಸಿದರೂ ಇಳಿಯಬೇಕು, ಯಾಕೆಂದರೆ ಸುಸ್ತು ಹೇಳಿ ಬರುವುದಿಲ್ಲ. ಒಂದು ದನ ದಾಟಿತು ಎಂದು ಸಮಾಧಾನಪಟ್ಟುಕೊಳ್ಳದೆ ಅದರ ಹಿಂದೆ ಬರುವ ಇನ್ನೊಂದನ್ನು ನೋಡಬೇಕು. ಬೂಟು ಕಾಲಿನ ಹರಡಿನ ಗಂಟು ಮುಚ್ಚುವಷ್ಟು ಎತ್ತರ ಇರಬೇಕು. ಇವೆಲ್ಲವನ್ನೂ ಅವನು ನನ್ನ ಬಾಯಲ್ಲಿ ಮಗ್ಗಿಯ ಹಾಗೆ ಹೇಳಿಸಿ, ಕೊನೆಗೆ ಒಂದು ಮಾತು ಸೇರಿಸಿದ.

“ಮುಂದೆ ಕೂತೋನಿಗೆ ದಾರಿ ಕಾಣ್ತದೆ ರಾಯ್ರೆ. ಹಿಂದೆ ಕೂತೋನು ನಿಮ್ಮ ಬೆನ್ನು ನೋಡ್ಕಂಡು ಕೂತಿರ್ತಾನೆ. ಅವನ ಮೈಮೇಲೆ ಜೋತಾಡೋ ಬಟ್ಟೆ ಏನಾದ್ರೂ ಐತಾ ಅಂತ ನೀವೇ ಇಳಿದು ನೋಡ್ಬೇಕು. ಅವನು ನೋಡ್ಕಳಲ್ಲ.”

ನಾನು ತಲೆಯಾಡಿಸಿದೆ. ನನ್ನ ಹಿಂದೆ ಕೂರುತ್ತಿದ್ದುದು ಸ್ಯಾಂಪಲ್ ಪೆಟ್ಟಿಗೆ ಮಾತ್ರ. ಅದಕ್ಕೆ ಬಟ್ಟೆಯೇ ಇರಲಿಲ್ಲ.

ಹದಿನೈದು ಮೈಲಿಯ ಲೆಕ್ಕದಲ್ಲಿ ನಾನು ಇಳಿಯುತ್ತಿದ್ದ ಜಾಗಗಳಲ್ಲಿ ಒಂದು, ಹೊಸನಗರ ದಾಟಿ ತೀರ್ಥಹಳ್ಳಿಗೆ ಹೋಗುವಾಗ ಹುಂಚದ ಕಡೆ ತಿರುಗುವ ಕ್ರಾಸಿನ ಬಳಿ ಇದ್ದ ಗೌರಮ್ಮನವರ ಕಾಫಿ ಹೋಟ್ಲು. ಹೋಟ್ಲು ಎಂದರೆ ಸೋಗೆ ಮಾಡು, ಎರಡು ಬೆಂಚು, ಒಂದು ಒಲೆ. ಗೌರಮ್ಮ ಬ್ಯಾಕೋಡಿನ ಕಡೆಯವರು. ಅಣೆಕಟ್ಟಿನ ನೀರು ಏರಿ ಗೇಣಿಯ ಗದ್ದೆ, ಮನೆ ಎಲ್ಲ ಮುಳುಗಿದ ಮೇಲೆ, ಗಂಡನನ್ನೂ ಅದೇ ವರ್ಷ ಕಳೆದುಕೊಂಡು, ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು ಇಲ್ಲಿ ಬಂದು ನಿಂತಿದ್ದರು. ನಾನು ಬಂದ ಕೂಡಲೇ ಒಲೆಯ ಮುಂದಿನ ಮಣೆ ಬಿಟ್ಟುಕೊಡುತ್ತಿದ್ದರು. ಕೈ ಕಾಯಿಸಿಕೊಳ್ಳುವವರೆಗೆ ಕಾಫಿ ಕೊಡುತ್ತಿರಲಿಲ್ಲ, ಲೋಟ ಬೀಳಿಸ್ತೀರಿ ಎನ್ನುತ್ತಿದ್ದರು. ನನ್ನ ಟೋಪಿಯನ್ನು ನೋಡಿ ನಗದಿದ್ದವರು ಆ ದಾರಿಯಲ್ಲಿ ಅವರೊಬ್ಬರೇ. ತಲೆ ಬೆಚ್ಚಗಿರಬೇಕು ಎಂಬುದು ಅವರ ಅಭಿಪ್ರಾಯ.

ಇಲ್ಲಿ ಕಂಬಳಿಯ ವಿಷಯ ಒಂದಿಷ್ಟು ಹೇಳಬೇಕು. ನಮ್ಮ ಕಡೆಯವರಿಗೆ ಕಂಬಳಿ ಎಂದರೆ ಹೊದೆಯುವ ಬಟ್ಟೆ ಮಾತ್ರವಲ್ಲ. ಅದರ ಒಂದು ಮೂಲೆಯನ್ನು ಒಳಕ್ಕೆ ಮಡಿಚಿ ತಲೆಗೆ ಇಳಿಬಿಟ್ಟರೆ ಕೊಪ್ಪೆಯಾಯಿತು. ತಲೆ, ಬೆನ್ನು, ಮೀನಖಂಡದವರೆಗೆ ಎಲ್ಲ ಒಳಗೆ. ನಾನೂ ನನ್ನ ತಮ್ಮನೂ ಒಂದೇ ಕೊಪ್ಪೆಯಲ್ಲಿ ನಾಲ್ಕು ಕಾಲಿನ ಪ್ರಾಣಿಯಾಗಿ ಶಾಲೆಗೆ ಹೋದವರು. ಒದ್ದೆ ಉಣ್ಣೆಯ ಆ ನಾತ, ಕುತ್ತಿಗೆಗೆ ಚುಚ್ಚುವ ಆ ರೋಮ, ಒಳಗಿನ ಬಿಸಿ, ಇವು ನನ್ನ ಬಾಲ್ಯದ ಮುಕ್ಕಾಲು ಪಾಲು. ಮನೆಯಿಂದ ಹೊರಡುವವರಿಗೆ ಅಮ್ಮನೋ ಅಜ್ಜಿಯೋ ಕೊಪ್ಪೆ ಹಾಕಿ ಕಳಿಸುತ್ತಿದ್ದರು. ಹಾಕಿದ್ದನ್ನು ಅವರ ಕಣ್ಣೆದುರು ತೆಗೆಯುವ ಹಾಗಿಲ್ಲ. ಹೊರಟವರನ್ನು ನಿಲ್ಲಿಸಿ ಹಿಂದಕ್ಕೆ ಕರೆಯುವ ಹಾಗೂ ಇಲ್ಲ, ಅದು ಅಪಶಕುನ.

ಗೌರಮ್ಮನವರ ಹಿರಿಯ ಮಗ ಕೆರಿಯಪ್ಪ. ನನಗಿಂತ ನಾಲ್ಕೈದು ವರ್ಷ ಚಿಕ್ಕವನು. ಟಿ.ಸಿ.ಎಚ್. ಮುಗಿಸಿ ಎರಡು ವರ್ಷ ಕಾದಿದ್ದ. ಆ ಪುಷ್ಯದಲ್ಲಿ ತೀರ್ಥಹಳ್ಳಿ ಕಡೆಯ ಪ್ರಾಥಮಿಕ ಶಾಲೆಗೆ ಆರ್ಡರ್ ಬಂತು. ಸೋಮವಾರ ಹತ್ತು ಗಂಟೆಯೊಳಗೆ ಆಫೀಸಿನಲ್ಲಿ ಹಾಜರಾಗಬೇಕು, ಬಸ್ಸು ನಂಬುವ ಹಾಗಿಲ್ಲ. ಹಿಂದಿನ ವಾರವೇ ಗೌರಮ್ಮ ನನ್ನನ್ನು ಕೇಳಿಕೊಂಡಿದ್ದರು. ನಾನು ದೊಡ್ಡ ಮನುಷ್ಯನ ಹಾಗೆ, ಅದಕ್ಕೇನಂತೆ, ನಾನು ಬಿಡುತ್ತೇನೆ ಎಂದಿದ್ದೆ.

ಸೋಮವಾರ ನಾನು ಕ್ರಾಸಿಗೆ ಬಂದಾಗ ಎಂಟು ಗಂಟೆ. ಇಬ್ಬನಿ ಇನ್ನೂ ಹರಿದಿರಲಿಲ್ಲ. ಕೆರಿಯಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ತಗಡಿನ ಟ್ರಂಕು ಹಿಡಿದು ತಯಾರಾಗಿದ್ದ. ಸ್ಯಾಂಪಲ್ ಪೆಟ್ಟಿಗೆಯನ್ನು ನಾನು ಅಂದು ಮುಂದಿನ ಟ್ಯಾಂಕಿನ ಮೇಲೆ ಕಟ್ಟಿದ್ದೆ. ಅವನು ನನ್ನ ಹಿಂದೆ ಕೂತು ಟ್ರಂಕನ್ನು ನಮ್ಮಿಬ್ಬರ ನಡುವೆ ಇಟ್ಟುಕೊಂಡು ಎರಡೂ ಕೈಯಲ್ಲಿ ಅಪ್ಪಿ ಹಿಡಿದ. ನಾನು ಕಿಕ್ ಹೊಡೆದೆ. ಆಗ ಗೌರಮ್ಮ ಒಳಗಿನಿಂದ ಕಂಬಳಿ ತಂದರು. ಮುಳುಗಿದ ಮನೆಯಿಂದ ಹೊತ್ತು ತಂದ ನಾಲ್ಕೈದು ಸಾಮಾನಿನಲ್ಲಿ ಅದೂ ಒಂದು, ಗಂಡನದು. ಮಗನ ತಲೆಗೆ ಕೊಪ್ಪೆ ಇಳಿಸಿ, ಗಾಳಿಗೆ ಹಾರಿಹೋಗಬಾರದೆಂದು ಎರಡು ಚುಂಗು ಹಿಡಿದು ಗದ್ದದ ಕೆಳಗೆ ಗಂಟು ಹಾಕಿದರು. ಅಂಗಿ ಮುದುಡುತ್ತದೆ ಎಂದು ಅವನು ಗೊಣಗಿದ. ಹೆಡ್ ಮಾಸ್ತರರ ಎದುರು ನಡುಗಿಕೊಂಡು ನಿಂತರೆ ಚೆನ್ನಾಗಿರುತ್ತದಾ ಎಂದು ಅವರು ಬೈದರು.

ನಾನು ನೋಡಿದೆ. ಕಂಬಳಿಯ ಹಿಂದಿನ ತುದಿ ಸೀಟಿನಿಂದ ಕೆಳಗೆ ಇಳಿಬಿದ್ದದ್ದನ್ನು ನನ್ನ ಎರಡು ಕಣ್ಣಿನಿಂದ ನೋಡಿದೆ. ತಿಮ್ಮಪ್ಪನ ಮಾತೂ ನೆನಪಾಯಿತು. ತಾಯಿ ಹಾಕಿದ ಕೊಪ್ಪೆ ಬಿಚ್ಚು ಎಂದು ಅವರೆದುರೇ ಹೇಗೆ ಹೇಳುವುದು? ಹೊರಟವರನ್ನು ಇಳಿಸುವುದು ಹೇಗೆ? ಮುಂದಿನ ತಿರುವಿನಲ್ಲಿ ನಿಲ್ಲಿಸಿ ಮೇಲಕ್ಕೆ ಸಿಕ್ಕಿಸಿದರಾಯಿತು ಎಂದುಕೊಂಡು ಹೊರಟೆ.

ಮುಂದಿನ ತಿರುವು ಬಂತು, ಹೋಯಿತು. ಕೆರಿಯಪ್ಪ ಮಾತಾಡುತ್ತಿದ್ದ. ಮೊದಲ ದಿನ ಮಕ್ಕಳಿಗೆ ಏನು ಪಾಠ ಮಾಡಲಿ ಎಂದು ನನ್ನನ್ನು ಕೇಳಿದ. ಮೊದಲ ಸಂಬಳದಲ್ಲಿ ಅಮ್ಮನ ಹೋಟ್ಲಿಗೆ ಹೆಂಚು ಹೊದಿಸುತ್ತೇನೆ ಎಂದ. ನನಗೂ ಹಿಂದೆ ಒಬ್ಬ ಮನುಷ್ಯ ಕೂತಿದ್ದು ಹೊಸದು, ಸ್ವಲ್ಪ ಜಂಬ ಬಂದಿತ್ತು. ಮುಂದೆ ಬೆಳಗಿನ ಬಸ್ಸು ಕೆಂಪು ಧೂಳೆಬ್ಬಿಸಿಕೊಂಡು ಹೋಗುತ್ತಿತ್ತು. ಅದನ್ನು ಹಿಂದೆ ಹಾಕೋಣವಾ ಎಂದೆ. ಅವನು ನಕ್ಕ. ಇಳಿಜಾರಿನಲ್ಲಿ ಗಾಡಿ ಬಿಟ್ಟೆ, ಬಸ್ಸನ್ನು ದಾಟಿ ಬಹಳ ಮುಂದೆ ಹೋದೆ.

ಹಿಂದಿನಿಂದ ಯಾರೋ ಗಾಡಿಯನ್ನು ಹಿಡಿದು ಜಗ್ಗಿದ ಹಾಗಾಯಿತು. ನಾನು ಮುಂದಕ್ಕೆ ಹಾರಿ ಬಿದ್ದೆ.

ಎದ್ದು ಕೂತಾಗ ನನಗೆ ಏನೂ ಆಗಿರಲಿಲ್ಲ. ಟೋಪಿಯ ಚರ್ಮ ಸುಲಿದು ಹಾಳೆ ಕಾಣುತ್ತಿತ್ತು, ಕೈಗವಸು ಹರಿದಿತ್ತು, ಅಂಗೈ ಹಾಗೇ ಇತ್ತು. ಕೆರಿಯಪ್ಪ ಹಿಂದಿನ ಚಕ್ರದ ಬಳಿ ಅಂಗಾತ ಬಿದ್ದಿದ್ದ. ಕಂಬಳಿ ಚೈನಿಗೂ ಚಕ್ರದ ಕಡ್ಡಿಗೂ ಸುತ್ತಿಕೊಂಡು, ಅವನನ್ನು ಸೀಟಿನಿಂದ ಹಿಂದಕ್ಕೆ ಎಳೆದು ಕೆಡವಿತ್ತು. ತಲೆಯ ಹಿಂಭಾಗ ಜಂಬಿಟ್ಟಿಗೆಯ ಕಲ್ಲಿಗೆ ಬಡಿದಿತ್ತು. ಜೀವ ಇತ್ತು. ಕಣ್ಣು ನನ್ನನ್ನೇ ನೋಡುತ್ತಿತ್ತು. ಗಂಟು ಅವನ ಗಂಟಲನ್ನು ಒತ್ತಿತ್ತು, ಉಸಿರಿಗೆ ಒದ್ದಾಡುತ್ತಿದ್ದ. ನಾನು ಬಿಚ್ಚಲು ಹೋದೆ. ಎಳೆತಕ್ಕೆ ಅದು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಉಗುರು ಮುರಿಯಿತು, ಹಲ್ಲು ಹಾಕಿದೆ, ಬಿಚ್ಚಿಕೊಳ್ಳಲಿಲ್ಲ. ಆಮೇಲೆ ಜೇಬಿನಲ್ಲಿ ಸ್ಯಾಂಪಲ್ ಪೆಟ್ಟಿಗೆ ತೆರೆಯುವ ಚಾಕು ಇರುವುದು ನೆನಪಾಯಿತು. ಕೊಯ್ದು ಬಿಡಿಸಿದೆ. ಅಷ್ಟರಲ್ಲಿ ಎಷ್ಟು ಹೊತ್ತು ಕಳೆದಿತ್ತೋ ನನಗೆ ಗೊತ್ತಿಲ್ಲ. ನಾನು ಹಿಂದೆ ಹಾಕಿದ್ದ ಬಸ್ಸೇ ಬಂದು ನಿಂತಿತು. ಅದರಲ್ಲೇ ಮಲಗಿಸಿಕೊಂಡು ಹೋದೆವು. ತುಂಗೆಯ ಸೇತುವೆ ಬರುವ ಮೊದಲೇ ಅವನು ಹೋದ.

ಏನಾಯಿತು ಎಂದು ಬಸ್ಸಿನಲ್ಲಿ ಮೊದಲು ಕೇಳಿದವರು ಯಾರೋ ನೆನಪಿಲ್ಲ. ಕರು ಅಡ್ಡ ಬಂತು ಎಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಂದ ತಾನಾಗಿ ಬಂತು. ಒಮ್ಮೆ ಹೇಳಿದ ಮೇಲೆ ಪೊಲೀಸರಿಗೂ ಅದನ್ನೇ ಹೇಳಿದೆ. ಮರುದಿನ ಗಾಡಿ ತರಲು ಹೋದಾಗ ಚಕ್ರದಲ್ಲಿದ್ದ ಕಂಬಳಿಯ ಚೂರುಗಳನ್ನು ಕಿತ್ತು ದಾರಿಬದಿಯ ಪೊದೆಯೊಳಗೆ ಎಸೆದೆ. ಗೌರಮ್ಮನವರಿಗೂ ಕರುವಿನ ಕಥೆಯನ್ನೇ ಹೇಳಿದೆ. ಕಂಬಳಿ ಎಲ್ಲಿ ಎಂದು ಕೇಳಿದರು, ಬಸ್ಸಿನಲ್ಲೇ ಉಳಿದುಹೋಯಿತು ಎಂದೆ. ಆ ತಾಯಿಯ ಜೀವಕ್ಕೆ ನೋವಾಗದಿರಲಿ ಎಂದೇ ಹಾಗೆ ಹೇಳಿದೆ ಎಂದು ಬಹಳ ಕಾಲ ನನ್ನನ್ನು ನಾನೇ ನಂಬಿಸಿದೆ. ನಿಜವಾಗಿ ನನಗೆ ನನ್ನದೇ ಭಯ.

“ಹೋಗಾಗ ಚಳಿ ಆಗ್ಲಿಲ್ಲ ಅಲ್ದಾ ಅವನಿಗೆ?” ಎಂದು ಕೇಳಿದರು. ಇಲ್ಲ ಎಂದೆ. ಅಷ್ಟು ಸಮಾಧಾನ ಅವರಿಗೆ ಉಳಿಯಿತು.

ಆ ಇಳಿಜಾರಿನ ಆಚೀಚೆಯ ಮನೆಗಳವರು ಕರುಗಳನ್ನು ಕಟ್ಟಿಹಾಕತೊಡಗಿದರು. ಯಾವ ತಪ್ಪೂ ಮಾಡದ ಕರುಗಳು ನನ್ನ ಸುಳ್ಳಿಗೆ ಹಗ್ಗದಲ್ಲಿ ನಿಂತವು.

ತಿಮ್ಮಪ್ಪನ ಶೆಡ್ಡಿನಲ್ಲಿ ಗಾಡಿ ಬಿಟ್ಟಿದ್ದೆ. ನಾಲ್ಕು ದಿನ ಬಿಟ್ಟು ಹೋದಾಗ ಅವನು ಚೈನು ಬಿಚ್ಚಿ ಸೀಮೆಎಣ್ಣೆಯಲ್ಲಿ ಇಟ್ಟಿದ್ದ. ಎದ್ದು ಬಂದು ನನ್ನ ಕೈಗೆ ಗ್ರೀಸು ಮೆತ್ತಿದ ಒಂದು ಕರಿಯ ಉಂಡೆ ಕೊಟ್ಟ.

“ಇದು ಕರು ರೋಮ ಅಲ್ಲ ರಾಯ್ರೆ, ಕುರಿ ಉಣ್ಣೆ,” ಎಂದ. ನಾನು ಅದನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೆ. “ನಾನು ಯಾರಿಗೂ ಹೇಳಲ್ಲ. ಹೇಳ್ಬೇಕಾದೋರು ನೀವು. ಈ ಸೀಮೇಲಿ ಎಲ್ರೂ ಕಂಬಳಿ ಹೊದ್ದೋರೇ. ಗೊತ್ತಾಗ್ದೆ ಇದ್ರೆ ಇನ್ನೊಬ್ಬ ಸಾಯ್ತಾನೆ.”

ಹೇಳುತ್ತೇನೆ ಎಂದೆ. ಹೇಳಲಿಲ್ಲ. ಗಾಡಿಯನ್ನು ಕಂಪನಿಗೆ ಹಿಂದಿರುಗಿಸಿ ಮತ್ತೆ ಬಸ್ಸು ಹತ್ತಿದೆ. ಸೊಂಟ ನೋವು ಎಂದು ಕಾರಣ ಬರೆದುಕೊಟ್ಟೆ. ಬಸ್ಸು ಆ ಕ್ರಾಸಿನಲ್ಲಿ ನಿಂತಾಗಲೆಲ್ಲ ನಾನು ಇನ್ನೊಂದು ಬದಿಯ ಕಿಟಕಿ ನೋಡುತ್ತಿದ್ದೆ. ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚುತ್ತಿದ್ದೆ. ಒಂದು ವರ್ಷ ಹೀಗೆ ಹೇಡಿಯಾಗಿ ಓಡಾಡಿದೆ. ಕಾಫಿಯ ಪರಿಮಳ ಮಾತ್ರ ಕಣ್ಣು ಮುಚ್ಚಿದರೂ ಬರುತ್ತಿತ್ತು.

ಮತ್ತೆ ಪುಷ್ಯ ಬಂತು. ಅಂದೂ ಇಬ್ಬನಿ. ಬಸ್ಸು ಕ್ರಾಸಿನಲ್ಲಿ ನಿಂತಾಗ ಪಟಪಟಿಯ ಸದ್ದು ಕೇಳಿತು. ತಡೆಯಲಾರದೆ ಆ ಬದಿಗೆ ತಿರುಗಿದೆ. ಮರದ ಕಂಟ್ರಾಕ್ಟರನ ಲೆಕ್ಕ ಬರೆಯುವ ರೈಟರು ಗಾಡಿಯ ಮೇಲೆ ಕೂತಿದ್ದ. ಅವನ ಹಿಂದೆ ಗೌರಮ್ಮನವರ ಎರಡನೆಯ ಮಗ ನಾಗರಾಜ. ಗೌರಮ್ಮ ಅವನ ತಲೆಗೆ ಹೊಸ ಕಂಬಳಿಯ ಕೊಪ್ಪೆ ಇಳಿಸುತ್ತಿದ್ದರು. ಹಿಂದಿನ ತುದಿ ಚಕ್ರದ ಮೇಲೆ ನೇತಾಡುತ್ತಿತ್ತು.

ನಾನು ಬಸ್ಸಿನಿಂದ ಹೇಗೆ ಇಳಿದೆ ಎಂದು ಕೇಳಬೇಡಿ. ಸ್ಯಾಂಪಲ್ ಪೆಟ್ಟಿಗೆ ಸೀಟಿನ ಮೇಲೇ ಉಳಿದು ತೀರ್ಥಹಳ್ಳಿಗೆ ಹೋಯಿತು. ಓಡಿ ಹೋಗಿ ರೈಟರನ ಕೈ ಹಿಡಿದು ಗಾಡಿ ಆರಿಸು ಎಂದೆ. ನಾಗರಾಜನ ಮೈಮೇಲಿನ ಕಂಬಳಿಗೆ ಕೈ ಹಾಕಿದೆ. ರೈಟರು ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು, ಹೊರಟವರನ್ನು ಹೀಗೆ ಹಿಡಿದು ನಿಲ್ಲಿಸುತ್ತಾರೇನ್ರೀ ಎಂದು ರೇಗಿದ. ಗೌರಮ್ಮ ನನ್ನನ್ನು ನೋಡಿ ಮೊದಲು ನಗಲು ಹೋದರು, ಒಂದು ವರ್ಷದ ಮೇಲೆ ಬಂದ ನೆಂಟನನ್ನು ಕಂಡ ಹಾಗೆ.

“ಚಳಿ ಐತೆ ರಾಯ್ರೆ, ಇರ್ಲಿ ಬಿಡಿ,” ಎಂದರು.

“ಬೇಡ ಗೌರಮ್ಮ. ಚಕ್ರಕ್ಕೆ ಸುತ್ತಿಕೊಳ್ತದೆ.”

ಅವರ ಕೈ ಅಲ್ಲೇ ನಿಂತಿತು. ಬಸ್ಸು ಹೊರಟಿತು. ಅದರ ಸದ್ದು ಕಡಿಮೆಯಾಗುವವರೆಗೆ ಅವರು ನನ್ನ ಮುಖವನ್ನೇ ನೋಡಿದರು.

“ಅವತ್ತೂ ಹಂಗೇ ಆಗಿದ್ದಾ?”

ಹೌದು ಎಂದೆ. ಕರು ಇರಲಿಲ್ಲ ಎಂದೆ. ಕಂಬಳಿ ಇಳಿಬಿದ್ದದ್ದನ್ನು ನಾನು ನೋಡಿದ್ದೆ, ನನಗೆ ಗೊತ್ತಿತ್ತು, ತಪ್ಪು ನನ್ನದು ಎಂದೆ. ವರ್ಷವಿಡೀ ಕಟ್ಟಿಟ್ಟ ಮಾತುಗಳೆಲ್ಲ ಒಟ್ಟಿಗೆ ಬಂದವು. ಅವರು ಅದರಲ್ಲಿ ಎಷ್ಟನ್ನು ಕೇಳಿಸಿಕೊಂಡರೋ ತಿಳಿಯಲಿಲ್ಲ. ನಿಧಾನವಾಗಿ ನಾಗರಾಜನ ತಲೆಯಿಂದ ಕೊಪ್ಪೆ ತೆಗೆದರು. ಅಂಗಿಯ ಗುಂಡಿ ಕುತ್ತಿಗೆಯವರೆಗೆ ಹಾಕಿದರು. ನಾನು ನನ್ನ ಬಳಿ ಇದ್ದ ಪೇಪರನ್ನು ಮಡಿಚಿ ಅವನ ಎದೆಗೆ ಇಟ್ಟೆ. ರೈಟರು ಗೊಣಗುತ್ತಲೇ ಗಾಡಿ ಬಿಟ್ಟುಕೊಂಡು ಹೋದ.

ಗೌರಮ್ಮ ಕಂಬಳಿಯನ್ನು ಮಡಿಚಿ ತೋಳಿನ ಮೇಲೆ ಹಾಕಿಕೊಂಡು ದಾರಿಯಲ್ಲೇ ನಿಂತಿದ್ದರು. ಬೈಯಲಿಲ್ಲ. ಬೈದಿದ್ದರೆ ನಾನು ಬದುಕುತ್ತಿದ್ದೆ. ನನ್ನ ಕಡೆ ನೋಡದೆ ಕೇಳಿದರು.

“ಗಂಟು ನಾನು ಬಿಗಿಯಾಗಿ ಹಾಕಿದ್ದೆ. ಬಿಚ್ಚಕ್ಕೆ ಬಂತಾ?”

“ಬಂತು,” ಎಂದೆ. “ಕೈ ಹಾಕಿದ ಕೂಡ್ಲೆ ಬಿಚ್ಚಿಕೊಂಡ್ತು.”